ಸೀಸೆಯಲ್ಲಿ ಮೊಳೆತ ಸೀತೆಯ ದಂಡೆ

ಕನ್ನಡದಲ್ಲಿ ‘ದಂಡೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಹೊಳೆಯ ಅಂಚು ಒಂದು. ಹೆಂಗಸರು ಮುಡಿಯುವ ಹೂವಿನ ಮಾಲೆ ಇನ್ನೊಂದು. ತರಗತಿಯಲ್ಲಿ ಈ ಪದ ಬಂದಾಗಲೆಲ್ಲ ಮೊದಲನೆಯದಕ್ಕೆ ನೇತ್ರಾವತಿಯನ್ನೂ ಎರಡನೆಯದಕ್ಕೆ ಸೀತೆಯ ದಂಡೆಯನ್ನೂ ಉದಾಹರಿಸುವುದು ನನ್ನ ರೂಢಿ. ನೇತ್ರಾವತಿಯ ಹೆಸರನ್ನೆತ್ತಿದರೆ ಬಂಟ್ವಾಳ, ಬೆಳ್ತಂಗಡಿಗಳ ಕಡೆಯಿಂದ ಬರುವ ಹುಡುಗರ ಮುಖ ಅರಳುತ್ತದೆ. ಆ ಹೊಳೆಯ ನೀರಿನಲ್ಲಿ ಈಜಿ ಬೆಳೆದವರು ಅವರು. ಆದರೆ ಸೀತೆಯ ದಂಡೆ ಎಂದೊಡನೆ ತರಗತಿ ಮೌನವಾಗುತ್ತದೆ. ಇಪ್ಪತ್ತು ವರ್ಷಗಳ ಹಿಂದೆ, ನಾನು ಹೊಸದಾಗಿ ಪಾಠ ಹೇಳತೊಡಗಿದಾಗ, ಐದಾರು ಕೈಗಳಾದರೂ ಮೇಲೇಳುತ್ತಿದ್ದುವು. ಈಚೆಗೆ ಒಂದು ಕೈಯೂ ಏಳುತ್ತಿಲ್ಲ. ಹೂವು ಮರೆಯಾದಂತೆ ಅದರ ಹೆಸರೂ ಮರೆಯಾಗುತ್ತಿದೆ. ಅಥವಾ ಹೆಸರು ಮರೆತುದರಿಂದಲೇ ಹೂವು ಮರೆಯಾಗುತ್ತಿದೆಯೋ ಏನೋ!

ನೋಡದವರಿಗೆ ಎರಡು ಮಾತು ಹೇಳಬೇಕು. ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮುನ್ನ, ಹಲಸು, ಮಾವು, ಹೆಬ್ಬಲಸಿನಂತಹ ಹಳೆಯ ಮರಗಳ ಕೊಂಬೆಯಿಂದ ಗೇಣುದ್ದದ ಒಂದು ಗೊಂಚಲು ಕೆಳಮುಖವಾಗಿ ಇಳಿಬೀಳುತ್ತದೆ. ಒತ್ತೊತ್ತಾಗಿ ಪೋಣಿಸಿದಂತಹ ಬಿಳಿಯ ಹೂಗಳು. ಒಂದೊಂದರ ಮೇಲೂ ನಸುನೇರಳೆಯ ಚುಕ್ಕೆಗಳು. ಯಾರೋ ಕಟ್ಟಿ ನೇತುಹಾಕಿದ ಮಾಲೆಯೆಂದೇ ಭ್ರಮೆಯಾಗಬೇಕು. ವನವಾಸದಲ್ಲಿ ಸೀತೆ ಮುಡಿದ ದಂಡೆ ಇದು ಎಂದು ನಮ್ಮ ಹಿರಿಯ ಹೆಂಗಸರು ಹೇಳುವುದುಂಟು. ಘಟ್ಟದ ಮೇಲಿನವರು ‘ಸೀತಾಳೆ ದಂಡೆ’ ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞರು ಇದನ್ನು ‘ರಿಂಕೊಸ್ಟೈಲಿಸ್ ರೆಟೂಸ’ ಎಂದು ಕರೆದಿದ್ದಾರೆ. ಆ ಗ್ರೀಕ್ ಹೆಸರಿನಲ್ಲಿರುವುದು ಕೊಕ್ಕು ಮತ್ತು ಕಂಬ. ಶಾಸ್ತ್ರಜ್ಞರಿಗೆ ಕೊಕ್ಕು ಕಂಡಲ್ಲಿ ನಮ್ಮ ಅಜ್ಜಿಯರಿಗೆ ಸೀತೆ ಕಂಡಳು. ಅಸ್ಸಾಮಿನಲ್ಲಿ ಇದೇ ಹೂವನ್ನು ಬಿಹು ಹಬ್ಬದಂದು ಹೆಣ್ಣುಮಕ್ಕಳು ಮುಡಿಯುತ್ತಾರೆ. ಅದು ಅಲ್ಲಿಯ ರಾಜ್ಯಪುಷ್ಪ.

ಇದು ಆರ್ಕಿಡ್ ಎಂಬ ಮಹಾಕುಟುಂಬಕ್ಕೆ ಸೇರಿದ್ದು. ಮರದ ಮೇಲೆ ಬೆಳೆಯುವ ಈ ಕುಟುಂಬದವರಿಗೆ ನಮ್ಮಲ್ಲಿ ‘ಮರಬಾಳೆ’ ಎಂಬ ಹೆಸರಿದೆ. ಮಲೆಯಾಳದ ‘ಮರವಾಳ’ವೂ ಅದೇ ಮಾತು. ಡಚ್ಚರ ಅಧಿಕಾರಿ ವಾನ್ ರೀಡ್ ಪ್ರಕಟಿಸಿದ ‘ಹೊರ್ಟಸ್ ಮಲಬಾರಿಕಸ್’ ಗ್ರಂಥದ ಹನ್ನೆರಡನೆಯ ಸಂಪುಟದಲ್ಲಿ, 1693ರಷ್ಟು ಹಿಂದೆಯೇ, ಈ ಗಿಡಗಳು ‘ಮರವರ’ ಎಂಬ ಹೆಸರಿನಿಂದ ಚಿತ್ರಸಹಿತ ಕುಳಿತಿವೆ. ಮೂರು ಶತಮಾನಗಳ ಹಿಂದೆ ಹಾಲೆಂಡಿನ ಅಚ್ಚುಮನೆಯನ್ನು ಸೇರಿದ ಹೆಸರು ಇಂದು ನಮ್ಮ ಮಕ್ಕಳ ನಾಲಗೆಯ ಮೇಲಿಲ್ಲ.

ನನ್ನ ಮನೆಯಿರುವುದು ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ, ವಗ್ಗದ ಬಳಿ. ಉದ್ಯೋಗ ಮೂಡುಬಿದಿರೆಯಲ್ಲಿ. ಹೆಂಡತಿಯ ತವರು ಗುರುವಾಯನಕೆರೆಯ ಆಚೆ. ಹೀಗಾಗಿ ಸಿದ್ಧಕಟ್ಟೆಯ ಮೇಲಿನ ದಾರಿ, ಮಡಂತ್ಯಾರಿನ ಮೇಲಿನ ದಾರಿ, ವೇಣೂರಿನ ಮೇಲಿನ ದಾರಿ, ಈ ಮೂರರಲ್ಲಿಯೇ ನನ್ನ ಆಯುಷ್ಯದ ಒಂದು ಪಾಲು ಕಳೆದಿದೆ. ಬಸ್ಸಿನ ಕಿಟಕಿಯಿಂದ ಯಾವ ತಿರುವಿನ ಯಾವ ಮರದಲ್ಲಿ ದಂಡೆ ಇಳಿದಿದೆ ಎಂದು ಲೆಕ್ಕವಿಡುವುದು ನನ್ನ ಬೇಸಗೆಯ ಹವ್ಯಾಸವಾಗಿದ್ದಿತು.

ಕೆಲವು ವರ್ಷಗಳ ಹಿಂದೆ ಹೆದ್ದಾರಿಯನ್ನು ಅಗಲಗೊಳಿಸುವ ಕೆಲಸ ನಮ್ಮ ಕಡೆಗೂ ಬಂದಿತು. ಮೊದಲು ಮರಗಳ ಮೈಮೇಲೆ ಬಣ್ಣದ ಸಂಖ್ಯೆಗಳು ಬಿದ್ದುವು; ಆಮೇಲೆ ಮರಗಳೇ ಬಿದ್ದುವು. ರಸ್ತೆ ಬೇಡವೆಂದು ಹೇಳುವ ಧೈರ್ಯ ನನಗಿಲ್ಲ. ಮಂಗಳೂರಿನ ಆಸ್ಪತ್ರೆಗೆ ರಾತ್ರಿವೇಳೆ ತಾಯಿಯನ್ನು ಕರೆದೊಯ್ದ ಅನುಭವ ನನಗೂ ಉಂಟು. ಆದರೂ ಒಂದು ಸಂಜೆ, ಬಾಲ್ಯದಿಂದ ನೋಡಿದ್ದ ಒಂದು ಮಾವಿನ ಮರ ಅಡ್ಡಬಿದ್ದಿದ್ದುದನ್ನು ಕಂಡು ಬಸ್ಸಿನಿಂದ ಇಳಿದುಬಿಟ್ಟೆ. ಕೊಂಬೆಗಳನ್ನು ತುಂಡರಿಸುತ್ತಿದ್ದವರೊಬ್ಬರು ಗುರುತು ಹಿಡಿದು, “ಏನು ಮಾಸ್ಟ್ರೇ, ಸೌದೆ ಬೇಕಿತ್ತಾ?” ಎಂದು ತುಳುವಿನಲ್ಲಿ ಕೇಳಿದರು. ನಾನು ಕೊಂಬೆಯ ಮೇಲಿನ ದಪ್ಪ ಎಲೆಗಳ ಬುಡವನ್ನು ತೋರಿಸಿದೆ. “ಅದಾ? ಅದು ಬಂದಳಿಕೆಯಲ್ಲವಾ? ಮರದ ರಕ್ತ ಹೀರುವಂಥದ್ದು. ಬೇಕಾದಷ್ಟು ಕೊಂಡುಹೋಗಿ” ಎಂದರು.

ಆ ಗಿಡಕ್ಕೆ ಅಂಟಿಕೊಂಡಿರುವ ಅಪವಾದ ಇದೊಂದೇ ಅಲ್ಲವಾದರೂ ಇದೇ ದೊಡ್ಡದು. ಬಂದಳಿಕೆ ನಿಜವಾಗಿಯೂ ಮರದೊಳಕ್ಕೆ ಬೇರಿಳಿಸಿ ಅದರ ರಸವನ್ನು ಕುಡಿಯುತ್ತದೆ. ಮರಬಾಳೆ ಹಾಗಲ್ಲ, ಅದು ಕೊಂಬೆಯನ್ನು ಅಪ್ಪಿ ಹಿಡಿದು ಕುಳಿತಿರುವುದಷ್ಟೇ. ಬೇರಿಗೆ ಸ್ಪಂಜಿನಂತಹ ಬೆಳ್ಳಗಿನ ಹೊದಿಕೆಯೊಂದಿದೆ. ಮಳೆಯ ನೀರನ್ನೂ ಅದರಲ್ಲಿ ಕರಗಿ ಬರುವ ಸಾರವನ್ನೂ ಹೀರಿ ಇಟ್ಟುಕೊಳ್ಳಲು ಅದು ಸಾಕು. ಬಾಡಿಗೆಗೆ ಕುಳಿತವನನ್ನು ಕಳ್ಳನೆಂದು ಕರೆದ ಹಾಗಾಯಿತು ನಮ್ಮ ತಿಳಿವಳಿಕೆ. ವಿದ್ವಾಂಸರೂ ಈ ತಪ್ಪಿನಿಂದ ಪೂರ್ತಿಯಾಗಿ ಪಾರಾದವರಲ್ಲ. ಮರದ ಮೇಲೆ ಬೆಳೆಯುವ ಬಂದಳಿಕೆಗೆ ಸಂಸ್ಕೃತದಲ್ಲಿ ‘ವಂದಾ’ ಎಂದು ಹೆಸರು. 18ನೆಯ ಶತಮಾನದ ಕೊನೆಯಲ್ಲಿ ವಿಲಿಯಂ ಜೋನ್ಸ್ ಅದನ್ನೇ ಒಂದು ಆರ್ಕಿಡ್ಡಿಗೆ ಇಟ್ಟ. ಇಂದಿಗೂ ಜಗತ್ತಿನ ಹೂವಿನ ಪೇಟೆಗಳಲ್ಲಿ ‘ವಂಡಾ’ ಎಂದು ಮಾರುವುದು ಆ ವಂಶವನ್ನೇ.

ಹಿಂದೆ ಆರ್ಕಿಡ್ಡಿಗಾಗಿ ಮರ ಕಡಿದ ಕಾಲವೂ ಇದ್ದಿತು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಶ್ರೀಮಂತರಿಗೆ ಈ ಹೂವಿನ ಹುಚ್ಚು ಹಿಡಿದಿದ್ದಾಗ, ಆಲ್ಬರ್ಟ್ ಮಿಲಿಕನ್ ಎಂಬ ಬೇಟೆಗಾರ ಕೊಲಂಬಿಯದ ಕಾಡಿನಲ್ಲಿ ಸುಮಾರು 10,000 ಗಿಡಗಳಿಗಾಗಿ ಸುಮಾರು 4,000 ಮರಗಳನ್ನು ಕಡಿಸಿದುದನ್ನು 1891ರ ತನ್ನ ಪುಸ್ತಕದಲ್ಲಿ ತಾನೇ ಬರೆದುಕೊಂಡಿದ್ದಾನೆ. ನಮ್ಮಲ್ಲಿ ಯಾರಿಗೂ ಆರ್ಕಿಡ್ ಬೇಕಾಗಿರಲಿಲ್ಲ. ಮರದ ಜೊತೆಗೆ, ಹೆಸರಿಲ್ಲದೆ, ಲೆಕ್ಕಕ್ಕೂ ಬಾರದೆ ಅವು ಹೋದುವು. ಮರಗಳಿಗಾದರೂ ಸಂಖ್ಯೆಯಿದ್ದಿತು.

ಆ ಸಂಜೆ ತಂದ ಗಿಡವನ್ನು ಅಂಗಳದ ಹಲಸಿನ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿದೆ. ಎರಡು ವರ್ಷ ಅದು ಮುನಿಸಿಕೊಂಡಂತೆ ಇದ್ದು, ಮೂರನೆಯ ವರ್ಷ ಹೂ ಬಿಟ್ಟಿತು. ಹೂ ಉದುರಿದ ಮೇಲೆ ಗೊಂಚಲಿನಲ್ಲಿ ನಾಲ್ಕು ಹಸುರು ಕಾಯಿಗಳು ಉಳಿದುವು. ಮೂಡುಬಿದಿರೆಯಲ್ಲಿ ನನ್ನ ಸಹೋದ್ಯೋಗಿಗಳಾದ ಸಸ್ಯಶಾಸ್ತ್ರದ ಅಧ್ಯಾಪಕಿಯೊಬ್ಬರೊಡನೆ ಈ ಸಂತೋಷವನ್ನು ಹಂಚಿಕೊಂಡಾಗ, “ಕಾಯಿ ಒಡೆಯಲು ಬಿಡಬೇಡಿ ಸರ್. ಹಸಿಯಾಗಿರುವಾಗಲೇ ನನಗೆ ತಂದುಕೊಡಿ. ಬೀಜದಿಂದ ಗಿಡ ಮಾಡಿ ನೋಡುವ” ಎಂದರು. ಬೀಜದಿಂದ ಗಿಡ ಮಾಡುವುದರಲ್ಲಿ ನೋಡುವುದೇನಿದೆ ಎಂದು ನನಗೆ ಸೋಜಿಗವಾಯಿತು. ಬೆಂಡೆ, ಅಲಸಂದೆಗಳ ಬೀಜವನ್ನು ನಾವು ಮಣ್ಣಿಗೆ ಹಾಕಿ ಮರೆತುಬಿಡುವುದಿಲ್ಲವೆ?

ಆರ್ಕಿಡ್ಡಿನ ಬೀಜವನ್ನು ಕಂಡ ಮೇಲೆ ಆ ಗರ್ವ ಇಳಿಯಿತು. ಅದು ಬೀಜವೆನ್ನುವುದಕ್ಕಿಂತ ಧೂಳು. ಒಂದು ಕಾಯಿಯೊಳಗೆ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ. ಊದಿದರೆ ಹಾರಿಹೋಗುವಷ್ಟು ಹಗುರ. ವೆನಿಲ್ಲಾ ಬಳ್ಳಿಯೂ ಆರ್ಕಿಡ್ಡೇ. ಈ ಶತಮಾನದ ಆರಂಭದಲ್ಲಿ ನಮ್ಮ ಜಿಲ್ಲೆಯ ಕೃಷಿಕರನ್ನು ಕೆಲಕಾಲ ಆಕಾಶಕ್ಕೇರಿಸಿ ಕೆಳಗಿಳಿಸಿದ ಬಳ್ಳಿ ಅದು. ನಿಜವಾದ ವೆನಿಲ್ಲಾ ಕೋಡು ಹಾಕಿದ ಐಸ್‌ಕ್ರೀಮಿನಲ್ಲಿ ಕಾಣುವ ಕರಿಯ ಕಣಗಳು ಅದರ ಬೀಜಗಳು. ಆರ್ಕಿಡ್ ಬೀಜವನ್ನು ನಾನು ತಿಂದಿದ್ದೆ, ನೋಡಿರಲಿಲ್ಲ.

ಹೋಲಿಕೆಗೆ ನಮ್ಮ ತೆಂಗನ್ನು ತೆಗೆದುಕೊಳ್ಳೋಣ. ತೆಂಗಿನ ಮರ ತನ್ನ ಕೂಸನ್ನು ದೂರಕ್ಕೆ ಕಳಿಸುವಾಗ ಎಷ್ಟು ದೊಡ್ಡ ಬುತ್ತಿಯನ್ನು ಕಟ್ಟಿಕೊಡುತ್ತದೆ! ತಿರುಳು, ನೀರು, ಗಟ್ಟಿಯಾದ ಚಿಪ್ಪು, ಅದರ ಮೇಲೆ ಸಿಪ್ಪೆಯ ಕಂಬಳಿ. ಮೊಳಕೆ ತಿಂಗಳುಗಟ್ಟಲೆ ಆ ಬುತ್ತಿಯನ್ನುಂಡು ಬೆಳೆಯುತ್ತದೆ. ಆರ್ಕಿಡ್ ತಾಯಿ ಬಡವಿ. ಮಕ್ಕಳು ಲಕ್ಷ, ಬುತ್ತಿ ಇಲ್ಲ. ಬೀಜದಲ್ಲಿರುವುದು ಬೇರು, ಎಲೆ, ಕಾಂಡವೆಂಬ ಭೇದವೇ ಮೂಡದ ಒಂದು ಪುಟ್ಟ ಭ್ರೂಣ ಮತ್ತು ತೆಳ್ಳನೆಯ ಒಂದು ಹೊದಿಕೆ. ಡಾರ್ವಿನ್ 1862ರ ತನ್ನ ಆರ್ಕಿಡ್ ಗ್ರಂಥದಲ್ಲಿ ಒಂದು ಸಾಮಾನ್ಯ ಜಾತಿಯ ಕಾಯಿಯಲ್ಲಿ 6,200 ಬೀಜಗಳನ್ನು ಲೆಕ್ಕಹಾಕಿ, ಅವೆಲ್ಲ ಬದುಕಿದರೆ ಒಂದೇ ಗಿಡದ ಮರಿಮಕ್ಕಳು ಭೂಮಿಯ ನೆಲವನ್ನೆಲ್ಲ ಹೊದಿಸಿಬಿಟ್ಟಾವೆಂದು ತೋರಿಸಿದ. ಹಾಗಾದರೆ ಏಕೆ ಹೊದಿಸಿಲ್ಲ? ಈ ಪ್ರಶ್ನೆಗೆ ಅವನ ಕಾಲದಲ್ಲಿ ಉತ್ತರವಿರಲಿಲ್ಲ.

ಉತ್ತರ ದೊರೆತುದು ಫ್ರಾನ್ಸಿನಲ್ಲಿ. ನಮ್ಮ ಬಂಟ್ವಾಳದಲ್ಲಿ ಪಂಜೆ ಮಂಗೇಶರಾಯರು ಹುಟ್ಟಿದ 1874ರಲ್ಲಿಯೇ ಅಲ್ಲಿ ನೋಯೆಲ್ ಬೆರ್ನಾರ್ ಎಂಬಾತನೂ ಹುಟ್ಟಿದ. 1899ರಲ್ಲಿ ಫೋಂಟೆನ್‌ಬ್ಲೊ ಕಾಡಿನ ಕಡೆಯಲ್ಲಿ, ತರಗೆಲೆಗಳ ನಡುವೆ ಹೂತುಹೋಗಿದ್ದ ಆರ್ಕಿಡ್ ಕಾಯಿಯೊಂದರೊಳಗೆ ಬೀಜಗಳು ಮೊಳೆತಿದ್ದುದನ್ನು ಆತ ಕಂಡ. ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಆ ಮೊಳಕೆಗಳೊಳಗೆಲ್ಲ ಶಿಲೀಂಧ್ರದ ಎಳೆಗಳಿದ್ದುವು. ತಾಯಿ ಕೊಡದ ಬುತ್ತಿಯನ್ನು ಶಿಲೀಂಧ್ರ ಕೊಡುತ್ತದೆ: ಅದು ಬೀಜದೊಳಕ್ಕೆ ನುಗ್ಗುತ್ತದೆ, ಬೀಜ ಅದರ ಎಳೆಗಳನ್ನೇ ಅರಗಿಸಿಕೊಂಡು ಬೆಳೆಯುತ್ತದೆ. ಸರಿಯಾದ ಶಿಲೀಂಧ್ರವಿರುವ ತೊಗಟೆಯ ಮೇಲೆ, ತಕ್ಕ ತೇವವಿರುವಾಗ ಬಿದ್ದ ಬೀಜಕ್ಕಷ್ಟೇ ಬಾಳುಂಟು. ಮಿಕ್ಕುವೆಲ್ಲ ಧೂಳೇ. ಬೆರ್ನಾರ್ 1911ರಲ್ಲಿ, ಇನ್ನೂ ಮೂವತ್ತಾರರ ವಯಸ್ಸಿನಲ್ಲಿ, ತೀರಿಕೊಂಡ.

ಮುಂದಿನ ಹೆಜ್ಜೆಯನ್ನಿಟ್ಟವನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಲೂಯಿಸ್ ನಡ್ಸನ್. ಶಿಲೀಂಧ್ರ ಕೊಡುವುದು ಆಹಾರವನ್ನೇ ಆದರೆ, ನಾವೇ ಆ ಆಹಾರವನ್ನು ಕೊಟ್ಟರೇನು ಎಂದು ಆತ ಕೇಳಿಕೊಂಡ. ಲವಣಗಳೂ ಸಕ್ಕರೆಯೂ ಸೇರಿದ ಪಾಕದ ಮೇಲೆ, ಶಿಲೀಂಧ್ರದ ಸೋಂಕೇ ಇಲ್ಲದ ಸೀಸೆಯಲ್ಲಿ, ಬೀಜಗಳು ಮೊಳೆತುದನ್ನು 1922ರಲ್ಲಿ ಪ್ರಕಟಿಸಿದ. ‘ಅಂಗಾಂಶ ಕೃಷಿ’ ಎಂದು ನಾವು ಕನ್ನಡದಲ್ಲಿ ಹೆಸರಿಟ್ಟಿರುವ ವಿದ್ಯೆಯ ಮನೆಗೆ ಇದೊಂದು ಹಳೆಯ ಹೆಬ್ಬಾಗಿಲು.

ಮೂಡುಬಿದಿರೆಯ ಆ ಪ್ರಯೋಗಾಲಯದಲ್ಲಿ ಈ ವಿದ್ಯೆಯನ್ನು ನಾನು ಕಣ್ಣಾರೆ ಕಂಡೆ. ಅದರಲ್ಲಿ ಅಡುಗೆಮನೆಗೆ ಅಪರಿಚಿತವಾದುದು ಬಹಳವಿಲ್ಲ. ಅಳತೆಯ ಲವಣಗಳು, ಲೀಟರಿಗೆ ಇಪ್ಪತ್ತು ಮೂವತ್ತು ಗ್ರಾಂ ಸಕ್ಕರೆ, ಗಟ್ಟಿಯಾಗಲು ಅಗರ್. ನಮ್ಮ ಮನೆಗಳಲ್ಲಿ ‘ಚೈನಾ ಗ್ರಾಸ್’ ಎಂದು ಸಿಹಿತಿನಿಸಿಗೆ ಹಾಕುವ ಕಡಲಪಾಚಿಯ ಅಂಟೇ ಅದು. ಕೆಲವರು ಬಾಳೆಹಣ್ಣಿನ ತಿರುಳನ್ನೂ ಸೇರಿಸುವುದುಂಟು. ಇವರು ಎಳನೀರನ್ನು ಬೆರೆಸಿದರು. ಎಳನೀರಿನಲ್ಲಿ ಭ್ರೂಣವನ್ನು ಬೆಳೆಸುವ ಗುಣವಿದೆಯೆಂಬುದು 1941ರಿಂದ ವಿಜ್ಞಾನಕ್ಕೆ ತಿಳಿದಿದೆ. ಬಡವಿಯ ಮಗುವಿಗೆ ನೆರೆಮನೆಯ ತಾಯಿಯ ಬುತ್ತಿ ದೊರೆಯಿತೆಂದು ನನಗೆ ಸಂತೋಷವಾಯಿತು. ಈ ಪಾಕವನ್ನು ಸೀಸೆಗಳಿಗೆ ತುಂಬಿ, ದೊಡ್ಡ ಕುಕ್ಕರಿನಂತಹ ಯಂತ್ರದಲ್ಲಿ 121 ಡಿಗ್ರಿ ಶಾಖದ ಹಬೆಯಲ್ಲಿಟ್ಟು, ಜೀವಾಣುವೆಂಬುದೊಂದೂ ಉಳಿಯದಂತೆ ಮಾಡುತ್ತಾರೆ. ಒಡೆಯದ ಕಾಯಿಯ ಒಳಗು ತಾನಾಗಿಯೇ ನಿರ್ಮಲವಾಗಿರುತ್ತದೆ. ಹಸಿಕಾಯಿಯನ್ನು ಅವರು ಕೇಳಿದುದು ಅದಕ್ಕೆ. ಕಾಯಿಯ ಹೊರಮೈಯನ್ನು ತೊಳೆದು, ಮದ್ಯಸಾರದಲ್ಲಿ ಅದ್ದಿ, ಕ್ಷಣಮಾತ್ರ ಜ್ವಾಲೆಗೆ ತೋರಿ, ಶುದ್ಧವಾಯು ಬೀಸುವ ಪೆಟ್ಟಿಗೆಯ ಮುಂದೆ ಕುಳಿತು, ಸೀಳಿ, ಬೀಜವನ್ನು ಪಾಕದ ಮೇಲೆ ಉದುರಿಸಿದರು. ನಾಗಪ್ರತಿಷ್ಠೆಗೆ ಕುಳಿತ ಪುರೋಹಿತರಲ್ಲಿಯೂ ಅಂತಹ ಮಡಿಯನ್ನು ನಾನು ಕಂಡಿಲ್ಲ.

ಆ ಮಡಿಯನ್ನು ಕೆಡಿಸಿದವನು ನಾನು. ಕೆಲವು ವಾರಗಳ ಮೇಲೆ ಬೀಜಗಳು ಉಬ್ಬಿ ಹಸುರಾದುವು. ಸಾಸಿವೆಗಿಂತ ಸಣ್ಣ ಗುಂಡುಗಳು. ಬೇರೂ ಅಲ್ಲ, ಎಲೆಯೂ ಅಲ್ಲ. ಇವುಗಳನ್ನು ಪ್ರೋಟೊಕಾರ್ಮ್ ಎನ್ನುತ್ತಾರೆ. ಒಂದು ಮಧ್ಯಾಹ್ನ ಅಧ್ಯಾಪಕಿಯವರು ಇಲ್ಲದಾಗ ನಾನು ಅಲ್ಲಿಗೆ ಹೋದೆ. ಗಾಜಿನ ಮೇಲೆ ಮಂಜು ಕಟ್ಟಿ ಒಳಗಿನದು ಕಾಣಿಸುತ್ತಿರಲಿಲ್ಲ. ಒಂದೇ ಗಳಿಗೆ ಎಂದುಕೊಂಡು ಮುಚ್ಚಳ ತೆರೆದೆ, ಕನ್ನಡಕ ಸರಿಪಡಿಸಿಕೊಂಡು ನೋಡಿದೆ, ಮುಚ್ಚಿದೆ. ವಾರ ಕಳೆಯುವುದರೊಳಗೆ ಆ ಸೀಸೆಯ ತುಂಬ ಬಿಳಿಯ ಅರಳೆಯಂತಹ ಬೂಸ್ಟು. “ಮುಚ್ಚಳ ತೆರೆದಿದ್ದಿರಾ ಸರ್?” ಎಂದು ಅವರು ಮೆಲ್ಲನೆ ಕೇಳಿದರು. ತೆರೆದಿದ್ದೆನೆಂದು ಒಪ್ಪಿಕೊಂಡೆ. ಸಿಟ್ಟುಮಾಡಿದ್ದರೆ ಲೇಸಾಗುತ್ತಿತ್ತು. ಅವರು ಏನನ್ನೂ ಹೇಳದೆ ಸೀಸೆಯನ್ನು ಕುದಿಸಲು ಒಯ್ದರು. ಅದರೊಳಗೆ ನೂರಾರು ಮೊಳಕೆಗಳಿದ್ದುವು. ಕಾಡಿನಲ್ಲಿ ಯಾವ ಕುಲ ಈ ಕೂಸುಗಳಿಗೆ ದಾದಿಯೋ ಅದೇ ಕುಲದ ಇನ್ನೊಂದು ಬಳಗ ಸೀಸೆಯ ಸಕ್ಕರೆಯನ್ನು ಉಂಡು, ಕೂಸುಗಳನ್ನು ಮುಗಿಸಿತು.

ಅಂದಿನ ರಾತ್ರಿ ಬಿ.ಜಿ.ಎಲ್. ಸ್ವಾಮಿಯವರ ನೆನಪಾಯಿತು. ಅವರ ‘ಹಸುರು ಹೊನ್ನು’ ನಾನು ಮತ್ತೆ ಮತ್ತೆ ಓದಿರುವ, ಪಾಠವನ್ನೂ ಹೇಳಿರುವ ಪುಸ್ತಕ. 1978ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದನ್ನು ಎಲ್ಲ ಕನ್ನಡ ಅಧ್ಯಾಪಕರೂ ಬಲ್ಲರು. ಆದರೆ ಆ ಲೇಖಕರು ತರುಣರಾಗಿದ್ದಾಗ, 1940ರ ದಶಕದಲ್ಲಿ, ಆರ್ಕಿಡ್ಡುಗಳ ಭ್ರೂಣವನ್ನೇ ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಕೆಳಗೆ ನೋಡಿದವರು, ಆ ವಿಷಯದಲ್ಲಿ ಅವರು 1949ರಲ್ಲಿ ಪ್ರಕಟಿಸಿದ ದೀರ್ಘ ಪ್ರಬಂಧಗಳನ್ನು ವಿದ್ವಾಂಸರು ಈಗಲೂ ಉಲ್ಲೇಖಿಸುತ್ತಾರೆ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು? ನಾನಂತೂ ಅರಿತಿರಲಿಲ್ಲ. ಸ್ವಾಮಿಯವರ ವಿನೋದವನ್ನು ಇಪ್ಪತ್ತು ವರ್ಷ ಪಾಠ ಹೇಳಿದ ನಾನು, ಅವರ ತಾಳ್ಮೆಯನ್ನು ಒಂದು ದಿನವೂ ಕಲಿತಿರಲಿಲ್ಲ. ಕಲಿತಿದ್ದರೆ ಮುಚ್ಚಳವನ್ನು ತೆರೆಯುತ್ತಿರಲಿಲ್ಲ.

ಉಳಿದ ಸೀಸೆಗಳು ಬದುಕಿದುವು. ಆ ದಿನಗಳಲ್ಲಿ ನನಗೊಂದು ಸಂಶಯ ಹುಟ್ಟಿತು. ಪೇಟೆಯಲ್ಲಿ ಮಾರುವ ಆರ್ಕಿಡ್ಡುಗಳನ್ನು ಗಿಡದ ತುದಿಯ ಒಂದು ಚೂರಿನಿಂದಲೇ ಸಾವಿರಗಟ್ಟಲೆಯಾಗಿ ಬೆಳೆಸುತ್ತಾರೆಂದು ಕೇಳಿದ್ದೆ; ಫ್ರಾನ್ಸಿನ ಜಾರ್ಜ್ ಮೊರೆಲ್ 1960ರಲ್ಲಿ ತೋರಿಸಿಕೊಟ್ಟ ದಾರಿ ಅದು. ಅದಿರುವಾಗ ಬೀಜದ ಈ ಗೋಜೇಕೆ? ಅಧ್ಯಾಪಕಿಯವರು ವಿವರಿಸಿದರು: ತುಂಡಿನಿಂದ ಬಂದ ಗಿಡಗಳೆಲ್ಲ ಒಂದೇ ಗಿಡದ ಪ್ರತಿಗಳು. ಮಾರುವವರಿಗೆ ಅದು ಒಳ್ಳೆಯದು. ಎಲ್ಲ ಹೂವೂ ಒಂದೇ ಬಗೆ, ಒಂದೇ ಬಣ್ಣ. ಬೀಜದಿಂದ ಬಂದವು ಒಡಹುಟ್ಟಿದವು; ಒಂದರಂತೆ ಒಂದಿಲ್ಲ. ಒಂದು ಬಿಸಿಲನ್ನು ತಾಳೀತು, ಒಂದು ರೋಗವನ್ನು ಗೆದ್ದೀತು. ಕಾಡಿಗೆ ಮರಳಿಸಬೇಕಾದರೆ ಅಂತಹ ಸಂಸಾರವೇ ಬೇಕು; ಹಾಗೆ ಮರಳಿಸಬಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಪಶ್ಚಿಮಘಟ್ಟದ ಅಪೂರ್ವ ಆರ್ಕಿಡ್ಡಾದ ‘ಇಪ್ಸಿಯಾ ಮಲಬಾರಿಕಾ’ವನ್ನು ಪ್ರಯೋಗಾಲಯದಲ್ಲಿ ಹೆಚ್ಚಿಸಿ ಕಾಡಿನಲ್ಲಿ ನೆಡುವ ಕೆಲಸವನ್ನು ಕೇರಳದ ಪಾಲೋಡಿನ ಸಸ್ಯೋದ್ಯಾನ ಸಂಸ್ಥೆಯವರು 1990ರ ದಶಕದಲ್ಲಿಯೇ ಮಾಡಿದರು.

ಸೀಸೆಯಿಂದ ಹೊರಗೆ ತರುವುದು ಎರಡನೆಯ ಹೆರಿಗೆ. ಒಳಗೆ ನೂರಕ್ಕೆ ನೂರು ತೇವ, ಬೇಡಿದಷ್ಟು ಸಕ್ಕರೆ, ಗಾಳಿಯ ಹೊಡೆತವಿಲ್ಲ. ಅಂತಹ ಅರಮನೆಯಲ್ಲಿ ಬೆಳೆದ ಸಸಿ ಹೊರಗಿನ ಒಂದು ಮಧ್ಯಾಹ್ನದ ಬಿಸಿಲಿಗೆ ಬಾಡಿಹೋಗುತ್ತದೆ. ಬೇರಿಗಂಟಿದ ಪಾಕವನ್ನು ಕೊಂಚವೂ ಉಳಿಯದಂತೆ ತೊಳೆದು, ಇದ್ದಲು, ಇಟ್ಟಿಗೆಯ ಚೂರು, ತೆಂಗಿನ ಸಿಪ್ಪೆಯ ತುಂಡುಗಳ ನಡುವೆ ಕೂರಿಸಿ, ನೆರಳಿನಲ್ಲಿಟ್ಟು, ದಿನಕ್ಕಷ್ಟು ಹೊರಗಾಳಿಯನ್ನು ಅಭ್ಯಾಸ ಮಾಡಿಸಬೇಕು. ನನ್ನ ಪಾಲಿಗೆ ಬಂದ 60 ಸಸಿಗಳಲ್ಲಿ ಮೊದಲ ಮಳೆಗಾಲವನ್ನು ದಾಟಿದುವು 21. ಕೊಳೆತುಹೋದ ಪ್ರತಿಯೊಂದನ್ನೂ ನನ್ನ ಹೆಂಡತಿ ಲೆಕ್ಕವಿಟ್ಟಳು. ನನಗೆ ಆ ಧೈರ್ಯವಾಗಲಿಲ್ಲ.

ಬೆರಳುದ್ದವಾದ ಸಸಿಗಳನ್ನು ಮುಂದಿನ ಜೂನಿನಲ್ಲಿ ಕಟ್ಟಲು ಮರ ಹುಡುಕಿಕೊಂಡು ಹೊರಟಾಗ ಇಡಿಯ ವಿಷಯದ ತಿರುಳು ನನಗೆ ಅರ್ಥವಾಯಿತು. ಸೀಸೆ ಇದೆ, ಪಾಕವಿದೆ, ಸಸಿಯಿದೆ, ಮರ ಎಲ್ಲಿದೆ? ರಬ್ಬರಿನ ಮರಕ್ಕೆ ಚೂರಿಯ ಗಾಯ ತಪ್ಪಿದ್ದಲ್ಲ. ನೀಲಗಿರಿಗೆ ತೊಗಟೆ ನಿಲ್ಲುವುದಿಲ್ಲ. ಅಡಕೆಯ ಮರಕ್ಕೆ ಕೊಂಬೆಯೇ ಇಲ್ಲ. ಒರಟು ತೊಗಟೆಯ, ಅಗಲವಾದ ಕೊಂಬೆಯ, ಐವತ್ತು ವರ್ಷ ಯಾರೂ ಕಡಿಯಲಾರರೆಂಬ ಭರವಸೆಯುಳ್ಳ ಮರಗಳು ನನಗೆ ಕಂಡುದು ಎರಡೇ ಎಡೆಗಳಲ್ಲಿ: ಹಳೆಯ ಶಾಲೆಗಳ ಅಂಗಳ, ಇನ್ನು ನಾಗಬನ. ನಾಗಬನಗಳಲ್ಲಿಯೂ ಈಗ ಮರಗಳನ್ನು ತೆಗೆದು ಕಲ್ಲುಹಾಸು ಹಾಕಿಸುವುದು ಭಕ್ತಿಯ ಲಕ್ಷಣವಾಗಿದೆ. ನಮ್ಮ ಕುಟುಂಬದ ಬನದಲ್ಲಿಯೂ ಅಂತಹ ಪ್ರಸ್ತಾಪ ಬಂದಿದ್ದಿತು. “ನಾಗನಿಗೆ ತಂಪು ಬೇಕು, ನಿಮ್ಮ ಕಲ್ಲು ಬೇಡ” ಎಂದು ನನ್ನ ದೊಡ್ಡಮ್ಮ ಹಟ ಹಿಡಿದುದರಿಂದ ಆರು ಮರಗಳು ಉಳಿದಿವೆ. ಪ್ರಯೋಗಾಲಯದವರ ಅಷ್ಟೂ ಶ್ರಮ ಕೊನೆಗೆ ಆ ಮುದುಕಿಯ ಹಟವನ್ನು ಆಶ್ರಯಿಸಿ ನಿಂತಿತು. ವಿಜ್ಞಾನ ಸಸಿಯನ್ನು ಕೊಡಬಲ್ಲುದು; ನೆಲೆಯನ್ನು ಕೊಡಬೇಕಾದವರು ನಾವು.

ಇಷ್ಟನ್ನು ಓದಿ ಯಾರಾದರೂ ಕಾಡಿಗೆ ಹೋಗಿ ಗಿಡ ಕಿತ್ತು ತರಬಾರದಾಗಿ ಪ್ರಾರ್ಥನೆ. ನಿಂತ ಮರದ ಗಿಡ ನಿಂತಲ್ಲಿಯೇ ಇರಲಿ. ಬಿದ್ದ ಮರದಲ್ಲಿರುವುದನ್ನು, ಮರದ ಹೊಣೆ ಹೊತ್ತವರನ್ನು ಕೇಳಿ, ಇನ್ನೊಂದು ಮರಕ್ಕೆ ಕಟ್ಟಿದರೆ ಅದೇ ದೊಡ್ಡ ಕೆಲಸ.

ಹದಿನಾಲ್ಕು ಸಸಿಗಳು ಬನದಲ್ಲಿವೆ. ಏಳು, ನಾನು ಓದಿದ ಪ್ರಾಥಮಿಕ ಶಾಲೆಯ ಮಾವಿನ ಮರದಲ್ಲಿ. ಕಟ್ಟುವ ದಿನ ಕೆಲವು ವಿದ್ಯಾರ್ಥಿಗಳು ಜೊತೆಗೆ ಬಂದಿದ್ದರು. ಮರ ಹತ್ತಬಲ್ಲವರು ಅವರಲ್ಲಿ ಇಬ್ಬರೇ. ಹೂ ಇನ್ನೂ ಬಿಟ್ಟಿಲ್ಲ. ಬೀಜ ಬಿತ್ತಿದಂದಿನಿಂದ ನಾಲ್ಕೈದು ವರ್ಷವಾದರೂ ಬೇಕು. ಶಾಲೆಯ ಮಕ್ಕಳು, “ಮಾಸ್ಟ್ರೇ, ಇದು ಯಾವ ಗಿಡ?” ಎಂದು ಕೇಳುತ್ತಾರೆ. ಸೀತೆಯ ದಂಡೆ ಎನ್ನುತ್ತೇನೆ. “ದಂಡೆ ಎಲ್ಲಿದೆ?” ಎಂದರೆ ಬರುತ್ತದೆ ಎನ್ನುತ್ತೇನೆ. ಅವರಿಗೆ ನಂಬಿಕೆಯಾದಂತೆ ತೋರುವುದಿಲ್ಲ, ಹೆಸರನ್ನಂತೂ ಕಲಿತಿದ್ದಾರೆ.

ಹೋದ ವಾರ ಹೋಗಿ ನೋಡಿದೆ. ನಾನು ಕಟ್ಟಿದ ತೆಂಗಿನ ನಾರು ಕಳಚಿಬಿದ್ದಿದೆ. ಸಸಿ ಬಿದ್ದಿಲ್ಲ. ಬಿಳಿಯ ಬೇರುಗಳು ತೊಗಟೆಯ ಬಿರುಕುಗಳನ್ನು ಹುಡುಕಿ ಬಿಗಿಯಾಗಿ ಹಿಡಿದುಕೊಂಡಿವೆ. ಮರದ ಸುತ್ತ ಒಂದು ಸಲ ಬಂದೆ. ಎಲ್ಲಿಯೂ ಬಣ್ಣದ ಸಂಖ್ಯೆ ಕಾಣಲಿಲ್ಲ.